ಚುಕ್ಕಿ ಹೊಡೆಯದ ಶಾಫ್ಟು

ಚಲಪತಿ ಸತ್ತ ಸುದ್ದಿ ಮುನಿಸ್ವಾಮಪ್ಪನಿಗೆ ತಿಳಿದದ್ದು ಬೆಳಗಿನ ಪೂಜೆಯ ನಡುವೆ. ಬಂಗಾರು ತಿರುಪತಿ ವೆಂಕಟರಮಣನ ಪಟಕ್ಕೆ ತುಳಸಿ ಏರಿಸುತ್ತಿದ್ದಾಗ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ವರಲಕ್ಷ್ಮಮ್ಮ ಎತ್ತಿ ನೋಡಿ, ಚಲಪತಿಯ ಹೆಸರು ಬರುತ್ತಿದೆ ಎಂದು ಅಲ್ಲಿಂದಲೇ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಬೇಡವೆಂದು ಕೈಯಾಡಿಸಿದ. ಆ ವಾರ ಅದು ನಾಲ್ಕನೆಯ ಸಲ. ಒಮ್ಮೆ ಸ್ನಾನದ ನೆಪ, ಒಮ್ಮೆ ಊಟದ ನೆಪ, ಇನ್ನೊಮ್ಮೆ ಯಾವ ನೆಪವೂ ಇಲ್ಲದೆ ಫೋನನ್ನು ಕೈಯಲ್ಲಿ ಹಿಡಿದು ಅದು ಸುಮ್ಮನಾಗುವ ತನಕ ನೋಡುತ್ತ ಕೂತಿದ್ದ. ಫೋನು ನಿಂತು ಮತ್ತೆ ಹೊಡೆದುಕೊಂಡಿತು. ಈ ಸಲ ವರಲಕ್ಷ್ಮಮ್ಮ ತಾನೇ ಮಾತಾಡಿದಳು. ಆ ಕಡೆ ಇದ್ದದ್ದು ಚಲಪತಿಯಲ್ಲ, ಅವನ ಮಗಳು ಶಶಿರೇಖ. ಬೆಳಗಾಗುತ್ತಿದ್ದಂತೆ ಎದೆ ಹಿಡಿದುಕೊಂಡಿತು ಅಂದನಂತೆ, ಆಟೋ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ವರಲಕ್ಷ್ಮಮ್ಮ ದೇವರ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಗೊತ್ತಾದ ಆ ಕ್ಷಣದಲ್ಲಿ, ಅಳು ಬರುವುದಕ್ಕೂ ಮುಂಚೆ, ದೇವರ ಹೆಸರು ಬಾಯಿಗೆ ಬರುವುದಕ್ಕೂ ಮುಂಚೆ, ತಲೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಮೈ ಹಗುರವಾಯಿತು. ಇನ್ನು ಕೇಳುವವರಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದು ತನ್ನ ಮನಸ್ಸೇ ಎಂದು ಅರಿವಾದಾಗ ಕೈಯಲ್ಲಿದ್ದ ತುಳಸಿಯನ್ನು ಪಟಕ್ಕೆ ಏರಿಸಲಾರದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ಮಣ್ಣು ಮಾಡುವ ಹೊತ್ತಿಗೆ ಚಲಪತಿಯ ಮನೆಯಿದ್ದ ಆಂಡರ್ಸನ್‌ಪೇಟೆಗೆ ಹೋಗಿ ಜನರ ಹಿಂದೆ ನಿಂತ. ಶವದ ಮುಖ ನೋಡಲು ದಾರಿ ಬಿಟ್ಟರು, ಹಿರಿಯರು ಬಂದರು ಎಂದು ಯಾರೋ ಕೈ ಹಿಡಿದು ಮುಂದಕ್ಕೆ ತಂದರು. ಅವನು ಪಾದ ಮಾತ್ರ ಮುಟ್ಟಿ, ಮುಖದ ಕಡೆ ಕಣ್ಣೆತ್ತದೆ ಹಿಂದೆ ಸರಿದ. ಇದನ್ನು ದುಃಖವೆಂದೇ ತಿಳಿದುಕೊಂಡರು. ಒಬ್ಬರು ನೀರು ತಂದುಕೊಟ್ಟರು. ಆ ನೀರನ್ನೂ ಕುಡಿದ. ಹೊರಡುವಾಗ ಶಶಿರೇಖ ಬಂದು, ಮೂರನೆಯ ದಿನ ಬಿಸಿಲೇರುವ ಮುಂಚೆ ಬಂದುಬಿಡಬೇಕು, ಅಪ್ಪನ ಪೆಟ್ಟಿಗೆ ಬಿಚ್ಚುವುದಕ್ಕೆ ದೊಡ್ಡಪ್ಪನನ್ನು ಬಿಟ್ಟರೆ ಯಾರೂ ಉಳಿದಿಲ್ಲ ಎಂದಳು. ಅವಳು ಅತ್ತಿರಲಿಲ್ಲ. ಅಪ್ಪನಿಗಾಗಿ ಅವಳು ಅಳದೆ ಇದ್ದದ್ದನ್ನು ನೋಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾಕೆಂದು ಮಾತ್ರ ಯಾರೂ ಕೇಳಲಿಲ್ಲ. ಅವಳ ತಾಯಿ ಮೀನಾ ಸತ್ತದ್ದು ಚಲಪತಿ ಓಡಿಸುತ್ತಿದ್ದ ಗಾಡಿಯಲ್ಲಿ ಎಂಬುದು ಆ ಬೀದಿಗೆಲ್ಲ ಗೊತ್ತಿತ್ತು.

ಪೆಟ್ಟಿಗೆ ಬಿಚ್ಚುವುದು ಅವರ ಶೆಡ್ಡಿನವರ ಪದ್ಧತಿ. ಚಿನ್ನದ ಗಣಿಯ ಸುರಂಗಗಳಿಗೆ ಆಸರೆ ಕೊಡುವ ಮರದ ದಿಮ್ಮಿ ಸಾಗಿಸುತ್ತಿದ್ದ ಒಬ್ಬ ಕಂಟ್ರಾಕ್ಟರನ ಶೆಡ್ಡು ಅದು, ಆಂಡರ್ಸನ್‌ಪೇಟೆಯ ಕೊನೆಯಲ್ಲಿತ್ತು. ಮುನಿಸ್ವಾಮಪ್ಪ ಅಲ್ಲಿ ಫಿಟ್ಟರು, ಚಲಪತಿ ಡ್ರೈವರು, ಅಲ್ಲಿಂದಲೇ ಅವನಿಗೆ ಇವನು ಅಣ್ಣ. ಒಬ್ಬರ ಸ್ಪ್ಯಾನರು ಇನ್ನೊಬ್ಬರ ಪೆಟ್ಟಿಗೆ ಸೇರುವುದು ಅಲ್ಲಿ ದಿನದ ಮಾತು. ಅದಕ್ಕೇ ಪ್ರತಿಯೊಬ್ಬನಿಗೂ ಅವನದೇ ಗುರುತು. ಪಂಚು ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದರೆ ಕಬ್ಬಿಣದ ಮೇಲೆ ಜೋಳದ ಕಾಳಿನಷ್ಟು ಚುಕ್ಕಿ ಬೀಳುತ್ತಿತ್ತು. ದೊಡ್ಡವೆಂಕಟಪ್ಪನಿಗೆ ಒಂದೇ ಚುಕ್ಕಿ, ಚಲಪತಿಗೆ ಅಡ್ಡಡ್ಡ ಎರಡು, ಮುನಿಸ್ವಾಮಪ್ಪನಿಗೆ ನಾಮದ ಹಾಗೆ ಉದ್ದುದ್ದ ಮೂರು. ತಾನು ಗಾಡಿಗೆ ಕೂರಿಸಿದ ಪ್ರತಿ ಭಾಗದ ಮೇಲೂ ಫಿಟ್ಟರು ತನ್ನ ಚುಕ್ಕಿ ಹೊಡೆಯಬೇಕು, ನಾಳೆ ಕೆಟ್ಟರೆ ಯಾರ ಕೈ ಎಂದು ತಿಳಿಯಬೇಕು. ಯಾರಾದರೂ ಸತ್ತರೆ ಮೂರನೆಯ ದಿನ, ಹಾಲುತುಪ್ಪ ಬಿಡಲು ಹೊರಡುವ ಮುಂಚೆ, ಅವನ ಪೆಟ್ಟಿಗೆಯನ್ನು ಅಂಗಳದಲ್ಲಿ ಬಿಚ್ಚಿ ಅವರವರ ಸಾಮಾನು ಅವರವರಿಗೆ ಒಪ್ಪಿಸುತ್ತಿದ್ದರು. ಬೇರೆಯವರ ಕಬ್ಬಿಣ ಪೆಟ್ಟಿಗೆಯಲ್ಲಿ ಉಳಿದರೆ ಸತ್ತವನ ಕಾಲು ಮಣ್ಣಿನಿಂದ ಏಳುವುದಿಲ್ಲ ಎಂದು ನಂಬಿಕೆ. ಆ ಚುಕ್ಕಿಗಳನ್ನು ಓದಬಲ್ಲವರಲ್ಲಿ ಈಗ ಉಳಿದಿದ್ದವನು ಮುನಿಸ್ವಾಮಪ್ಪನೊಬ್ಬನೇ.

ಮೂರನೆಯ ದಿನ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕಿಟಕಿಯ ಪಕ್ಕ ಕೂತ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಬಿಸಿಲಿಗೆ ಬೂದಿ ಬಣ್ಣದಲ್ಲಿ ಬಂದು ಬಂದು ಹಿಂದೆ ಸರಿಯುತ್ತಿದ್ದವು. ಎದುರಿಗೆ ಕೂತ ಹೆಂಗಸು ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ತಮಿಳಿನಲ್ಲಿ ಯಾರಿಗೋ ಫೋನಿನಲ್ಲಿ ಬಯ್ಯುತ್ತಿದ್ದಳು. ಗಾಲಿ ಹಳಿಯ ಕೂಡುಗಳ ಮೇಲೆ ಬಡಿಯುವ ಸದ್ದನ್ನು ಅವನು ತನಗೆ ಗೊತ್ತಿಲ್ಲದೆಯೇ ಕೇಳುತ್ತಿದ್ದ. ಇದು ಅವನ ಹಳೆಯ ಚಟ. ಒಳ್ಳೆಯ ಕಬ್ಬಿಣ ಬಡಿದರೆ ಗಂಟೆಯ ಹಾಗೆ ನುಡಿಯಬೇಕು, ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಕುಗ್ಗುತ್ತದೆ. ಚಲಪತಿಯ ಗಾಡಿಯ ಹಿಂದಿನ ಚಕ್ರದ ಆ ಶಾಫ್ಟನ್ನು ಬೆಸುಗೆ ಹಾಕಿ, ಉಜ್ಜಿ ನುಣ್ಣಗೆ ಮಾಡಿ, ದಾರದಲ್ಲಿ ತೂಗುಬಿಟ್ಟು ಸುತ್ತಿಗೆಯಿಂದ ಬಡಿದಿದ್ದ. ನುಡಿಯಿತು. ಆದರೆ ಕೊನೆಯಲ್ಲಿ, ದನಿ ಅಡಗುವ ಕಡೆ, ಸ್ವಲ್ಪ ಒಡೆದಿತ್ತು. ಕೇಳಿಸಲಿಲ್ಲ ಎಂದು ನಲವತ್ತೆರಡು ವರ್ಷ ತನಗೆ ತಾನೇ ಹೇಳಿಕೊಂಡಿದ್ದ. ಪೂಜೆಯ ಗಂಟೆ ಅಲ್ಲಾಡಿಸುವಾಗ ಮಾತ್ರ ಕೆಲವು ದಿನ ಕೈ ತಾನಾಗಿಯೇ ನಿಲ್ಲುತ್ತಿತ್ತು. ಗಂಟೆ ಯಾಕೆ ಪೂರ್ತಿ ಬಾರಿಸುವುದಿಲ್ಲ ಎಂದು ವರಲಕ್ಷ್ಮಮ್ಮ ಒಮ್ಮೆ ಕೇಳಿದ್ದಳು. ಮಣಿಕಟ್ಟು ನೋವು ಎಂದಿದ್ದ. ಎಣ್ಣೆ ಕಾಯಿಸಿ ಉಜ್ಜಿದ್ದಳು.

ಚಲಪತಿಯ ಮನೆಯ ಅಂಗಳದಲ್ಲಿ ಆ ಹಳೆಯ ಪಿಕಪ್ಪು ನಿಂತಿತ್ತು. ಗಣಿ ಮುಚ್ಚಿ ಶೆಡ್ಡೂ ಮುಚ್ಚಿದಾಗ ಚಲಪತಿ ಕಂಟ್ರಾಕ್ಟರನ ಮುಂದೆ ಕೈಕಟ್ಟಿ ನಿಂತು ಕೇಳಿ ಪಡೆದದ್ದು ಅದೊಂದೇ. ಹೆಂಡತಿಯನ್ನು ತಿಂದ ಗಾಡಿಯನ್ನೇ ಮನೆಗೆ ತರ್ತಾನಲ್ಲ ಎಂದು ಜನ ಆಡಿಕೊಂಡಿದ್ದರು. ಉದ್ದ ಮೂತಿ, ಸೀಳಿದ ಗಾಳಿಕಿಂಡಿ, ಹಿಂದೆ ಮರದ ಹಲಗೆಯ ತೊಟ್ಟಿ. ಎಪ್ಪತ್ತು ವರ್ಷದ ಗಾಡಿ, ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ಅದರ ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದವರು ವಿಜಯಕುಮಾರ್ ಎಂಬ ಮೇಷ್ಟ್ರು. ಹುಡುಗರಿಗೆ ಗಾಡಿ ಕೆಲಸ ಕಲಿಸುವ ಒಂದು ತರಬೇತಿ ಶಾಲೆಯವರು. ಪಿಕಪ್ಪನ್ನು ಶಾಲೆಗೆ ಕೊಡಲು ಚಲಪತಿ ಹೋದ ತಿಂಗಳೇ ಒಪ್ಪಿದ್ದನಂತೆ. ಗಾಡಿಯ ಮುಂದೆ ಒಂದು ಹಲಗೆ ನಿಲ್ಲಿಸಿ, ಯಾವ ಭಾಗ ಹುಟ್ಟಿನದು, ಯಾವುದು ಆಮೇಲೆ ಹಾಕಿದ್ದು ಎಂದು ಬರೆಸಬೇಕೆಂದು ಅವರ ಆಸೆ. ಎಂಜಿನ್ನು, ಗೇರುಪೆಟ್ಟಿಗೆ ಎಲ್ಲ ಚಲಪತಿಯೇ ಹೇಳಿ ಬರೆಸಿದ್ದ. ಸಾವಿನ ಮನೆಯಲ್ಲಿ ಇದನ್ನೆಲ್ಲ ಕೇಳಬಾರದು ಎಂದು ಅವರು ಸಂಕೋಚದಿಂದ ಕೈ ಹಿಸುಕಿಕೊಂಡರು. ಶಶಿರೇಖಳೇ, ಅಪ್ಪನ ಕೊನೆಯ ಮಾತು ಇದು, ಇವತ್ತೇ ಮುಗಿದುಹೋಗಲಿ ಎಂದು ಬರಹೇಳಿದ್ದಳು.

'ಆಕ್ಸಲ್ ಎರಡು ಮಾತ್ರ ಉಳಿದವೆ ಮೇಸ್ತ್ರಿ,' ಎಂದರು ವಿಜಯಕುಮಾರ್. 'ಮುಂದಿನದು ಇದರದೇ ಅಂದ್ರು. ಹಿಂದಿನದನ್ನ ಕೇಳಿದ್ರೆ, ಅದು ನಾನು ಹೇಳಬಾರದು, ಮುನಿಯಣ್ಣ ಹೇಳಬೇಕು ಅಂದ್ರು. ಫೋನ್ ಮಾಡ್ತೀನಿ ಅಂತಿದ್ರು. ಸಿಕ್ಕಿದ್ರಾ?'

ಮುನಿಸ್ವಾಮಪ್ಪ ಪಂಚೆ ಎತ್ತಿಕಟ್ಟಿ ಗೋಣಿ ತಾಟು ಕೇಳಿದ. ಎಪ್ಪತ್ತಾರು ವರ್ಷದ ಮಂಡಿ ಬಗ್ಗಲಿಲ್ಲ. ಮೇಷ್ಟ್ರು ಕಂಕುಳಿಗೆ ಕೈ ಕೊಟ್ಟು ಮಗುವನ್ನು ಮಲಗಿಸುವ ಹಾಗೆ ಅವನನ್ನು ಗಾಡಿಯ ಕೆಳಗೆ ಮಲಗಿಸಿದರು. ಬಾಗಿಲಲ್ಲಿ ಕೂತಿದ್ದ ಹೆಂಗಸರು ನೋಡುತ್ತಿದ್ದರು. ಒಳಗೆ ಹಳೆಯ ಗ್ರೀಸಿನ ವಾಸನೆ, ಒಣಗಿದ ಕೆಸರಿನ ವಾಸನೆ. ಯೌವನವೆಲ್ಲ ಕಳೆದದ್ದು ಈ ವಾಸನೆಯಲ್ಲೇ. ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲಿನ, ಗೇರು ಕೂತ ಗುಂಡು ಹೊಟ್ಟೆಯನ್ನು ಚಾಕುವಿನಿಂದ ಕೆರೆದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಎರಕದ ಅಂಕಿಗಳು ಎದ್ದವು. ಒಂದು ಬೋಲ್ಟಿನ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ತಗಡಿನ ಚೀಟಿ ಇನ್ನೂ ಕಚ್ಚಿಕೊಂಡಿತ್ತು. ಹುಟ್ಟಿನದು ಎಂದ. ಮೇಷ್ಟ್ರು ಬರೆದುಕೊಂಡರು. ಆಮೇಲೆ ಹಿಂದಿನದು. ಅದಕ್ಕೆ ಚೀಟಿ ಇರಲಿಲ್ಲ. ಅದು ಬಿದ್ದುಹೋಗುವುದು ಸಾಮಾನ್ಯ, ಒಳಗಿನ ಗೇರಿನ ಹಲ್ಲು ಎಣಿಸಿ ನೋಡೋಣ ಎಂದರು ಮೇಷ್ಟ್ರು. ಒಂದು ಚಕ್ರವನ್ನು ಜಾಕಿಯಿಂದ ಎತ್ತಿ ಗೇರು ಬಿಡಿಸಿದರು. ಅವರು ಚಕ್ರವನ್ನು ಮೆಲ್ಲಗೆ ಪೂರ್ತಿ ಎರಡು ಸುತ್ತು ತಿರುಗಿಸುವಾಗ, ಗೇರುಪೆಟ್ಟಿಗೆಯಿಂದ ಆಕ್ಸಲಿಗೆ ಬರುವ ನಡುವಿನ ಉದ್ದ ಶಾಫ್ಟಿಗೆ ಹಾಕಿದ ಸುಣ್ಣದ ಗೆರೆ ಎಷ್ಟು ಸಲ ಬಂತು ಎಂದು ಮುನಿಸ್ವಾಮಪ್ಪ ಕೆಳಗಿನಿಂದ ಎಣಿಸಿದ. ಐದು ಸುತ್ತು, ಮೇಲೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಮುಂದಿನದನ್ನೂ ಹಾಗೇ ಎಣಿಸಿದರು, ಅಷ್ಟೇ ಬಂತು. ಬಾರದೆ ಇನ್ನೇನು. ಇದು ಇದೇ ಗಾಡಿಯ ಜೊತೆ ಹಡಗಿನಲ್ಲಿ ಬಂದ ಇನ್ನೊಂದು ಪಿಕಪ್ಪಿನದು, ಅದೇ ಎರಕ, ಅದೇ ಹಲ್ಲು. ಬಿಚ್ಚಿ ಇಲ್ಲಿಗೆ ಕೂರಿಸಿದವನು ಹೇಳದೆ ಇದ್ದರೆ ಯಾವ ತಜ್ಞನಿಗೂ ತಿಳಿಯುವಂತಿರಲಿಲ್ಲ. ಕತ್ತಲಲ್ಲಿ ಆಕ್ಸಲಿನ ಕೊಳವೆಯ ಮೇಲ್ಮೈಯನ್ನು ಬೆರಳಿನಿಂದ ತಡವಿದ. ಮಣ್ಣಿನ ಹಕ್ಕಳೆಯ ಅಡಿಯಲ್ಲಿ ಮೂರು ಚುಕ್ಕಿ ಉದ್ದುದ್ದ ಸಿಕ್ಕವು. ಅವನ ಚುಕ್ಕಿ. ಹೊಡೆದದ್ದು ಮೀನಾಳ ತಿಥಿ ಮುಗಿದ ವಾರ.

ಮೀನಾ ಸತ್ತ ಆ ಬೇಸಿಗೆ ದಿಮ್ಮಿಯ ತುರ್ತು ಹೆಚ್ಚಾಗಿತ್ತು. ಹಿಂದಿನ ಆಕ್ಸಲಿನೊಳಗೆ ಚಕ್ರ ತಿರುಗಿಸುವ ಶಾಫ್ಟಿನಲ್ಲಿ ಬಿರುಕು ಕಂಡಾಗ ಮುನಿಸ್ವಾಮಪ್ಪ ಹೊಸದು ಮದರಾಸಿನಿಂದ ಬರಬೇಕೆಂದ, ಇನ್ನೂ ಎಂಟು ದಿನವಾದರೂ ಬೇಕು ಎಂದ. ಎಂಟು ದಿನ ಗಾಡಿ ನಿಂತರೆ ನೀನೂ ನಿಂತುಬಿಡು ಎಂದು ಕಂಟ್ರಾಕ್ಟರು ಎಲ್ಲರ ಮುಂದೆ ನಕ್ಕ. ಆ ನಗುವಿಗೆ ಮುನಿಸ್ವಾಮಪ್ಪ ಬಿರುಕನ್ನೇ ಬೆಸೆದ. ಕೂರಿಸುವಾಗ ಪಂಚು ಕೈಗೆತ್ತಿಕೊಂಡ, ಶಾಫ್ಟಿನ ತುದಿಗೆ ಇಟ್ಟ, ಸುತ್ತಿಗೆ ಏಳಲಿಲ್ಲ. ಅವನ ಜನ್ಮದಲ್ಲಿ ಗುರುತು ಹೊಡೆಯದೆ ಬಿಟ್ಟ ಒಂದೇ ಕಬ್ಬಿಣ ಅದು. ಸುತ್ತಿಗೆ ಏಳದ ಮೇಲೆ ಗಾಡಿ ಹೇಗೆ ಎದ್ದಿತು? ಚಲಪತಿ ಸ್ಟೇರಿಂಗಿನ ಮುಂದೆ ಕೂತು, ಏನಣ್ಣ ಆಯ್ತಾ ಎಂದ. ಪಕ್ಕದಲ್ಲಿ ಮೀನಾ, ತಲೆ ತುಂಬ ಕನಕಾಂಬರ, ಕಾಮಸಮುದ್ರದ ತಾಯಿಮನೆಗೆ ಹೊರಟವಳು. ಬಿಸಿಲೆಂದು ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದಳು. ಭಾವ, ಹುಣಸೆಹಣ್ಣು ತರಲಾ ಎಂದು ಕೇಳಿದಳು. 'ಹೊಸದು ಹಾಕಿದೀನಿ, ಓಗ್ಲಾ,' ಎಂದ ಮುನಿಸ್ವಾಮಪ್ಪ. ಇಳಿಜಾರಿನ ತಿರುವಿನಲ್ಲಿ ಹಿಂದಿನ ಚಕ್ರ ಗಾಡಿಯನ್ನು ಬಿಟ್ಟು ತಾನೇ ಮುಂದೆ ಓಡಿಹೋಯಿತಂತೆ. ಜೋರು ಓಡಿಸಿದ್ದಕ್ಕೆ ಬಿದ್ದಿತು, ಬಿದ್ದದ್ದಕ್ಕೆ ಶಾಫ್ಟು ಮುರಿಯಿತು ಎಂದು ಎಲ್ಲರೂ ಅಂದರು. ಮುರಿದದ್ದಕ್ಕೆ ಬಿದ್ದಿತೋ ಎಂದು ಯಾರೂ ಕೇಳಲಿಲ್ಲ. ಆಕ್ಸಲಿನ ಒಳಗೆ ಉಳಿದ ಶಾಫ್ಟಿನ ಉದ್ದನೆಯ ತುಂಡನ್ನು ಮುನಿಸ್ವಾಮಪ್ಪ ಹಾಳುಬಾವಿಗೆ ಎಸೆದ. ಚಕ್ರದಲ್ಲಿ ಸಿಕ್ಕಿಕೊಂಡ ಗೇಣುದ್ದದ ತುಂಡು ಉಳಿಯಿತು. ಆ ಚಕ್ರವನ್ನು ಮುಟ್ಟಲು ಧೈರ್ಯ ಸಾಲದೆ ಇವತ್ತು ನಾಳೆ ಎಂದು ದಿನ ತಳ್ಳಿದ. ಕೊನೆಗೆ ಹೋಗಿ ನೋಡಿದರೆ ಚಕ್ರ ಇತ್ತು, ತುಂಡು ಇರಲಿಲ್ಲ. ಗುಜರಿಯವರು ಒಯ್ದಿರಬೇಕು ಎಂದುಕೊಂಡು ಬಂಗಾರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಚಲಪತಿ ಒಂದು ದಿನ ಶೆಡ್ಡಿನಲ್ಲಿ ಪಕ್ಕಕ್ಕೆ ಕೂತು, ನೆಲ ನೋಡುತ್ತ ಕೇಳಿದ್ದ. 'ಅಣ್ಣ, ಅದು ಹೊಸದೇ ತಾನೆ?' ಇವನು 'ಹೊಸದೇ ಕಣ್ಲಾ' ಎಂದಿದ್ದ. ಚಲಪತಿ ತಲೆಯಾಡಿಸಿ ಎದ್ದುಹೋದ. ಮತ್ತೆ ಯಾವತ್ತೂ ಕೇಳಲಿಲ್ಲ.

'ಎಣಿಕೆ ಸರಿಯಾಯ್ತಲ್ಲ ಮೇಸ್ತ್ರಿ?' ಮೇಷ್ಟ್ರ ಪಾದಗಳು ಚಕ್ರದ ಪಕ್ಕ ಕಾಣುತ್ತಿದ್ದವು. ಮುನಿಸ್ವಾಮಪ್ಪ ಮೂರು ಚುಕ್ಕಿಯ ಮೇಲೆ ಗ್ರೀಸು ಬಳಿದ. 'ಸರಿಯಾಯ್ತು. ಎರಡೂ ಇದರದೇ,' ಎಂದ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೆದರಿಕೆಯಾಯಿತು. ಮೇಷ್ಟ್ರು ಸಂತೋಷಪಟ್ಟು, ಇಷ್ಟು ಹಳೆಯ ಗಾಡಿಯಲ್ಲಿ ಎರಡೂ ಆಕ್ಸಲ್ ಹುಟ್ಟಿನವೇ ಸಿಗುವುದು ಅಪರೂಪ, ನಿಮ್ಮಂಥವರ ಕೈ ಅಂಥದು ಎಂದು ಅವನನ್ನು ಹೊರಕ್ಕೆ ಎಳೆದು ಕೂರಿಸಿದರು. ಬೆನ್ನಿನ ಮಣ್ಣನ್ನೂ ಅವರೇ ಕೊಡವಿದರು.

ಪೆಟ್ಟಿಗೆಯನ್ನು ಚಾಪೆಯ ಮೇಲೆ ತಂದಿಟ್ಟರು. ಶಶಿರೇಖ ಒಂದೊಂದೇ ಎತ್ತಿ ಕೊಟ್ಟಳು, ಅವನು ಒರೆಸಿ ಕಣ್ಣಿನ ಹತ್ತಿರ ಹಿಡಿದು ಹೆಸರು ಹೇಳಿದ. ಈ ಇಕ್ಕಳ ದೊಡ್ಡವೆಂಕಟಪ್ಪನದು, ಮಗನ ಕೈಗೆ ಸೇರಿಸಬೇಕು. ಈ ರಿಂಗು ಸ್ಪ್ಯಾನರು ಚಲಪತಿಯದೇ. ಈ ಉಳಿಗೆ ಹಿಂದೆ ಹಿಡಿಯೇ ಇರಲಿಲ್ಲ, ಇವನೇ ಹಾಕಿಸಿರಬೇಕು. ಸತ್ತವರೆಲ್ಲ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ತಮ್ಮ ಸಾಮಾನು ತೆಗೆದುಕೊಂಡು ಹೋಗುತ್ತಿರುವ ಹಾಗೆ ಅನಿಸಿತು. ಮೂರು ಚುಕ್ಕಿಯದು ಒಂದೂ ಬರಲಿಲ್ಲ. ಅವನದು ಏನನ್ನೂ ಚಲಪತಿ ಇಟ್ಟುಕೊಂಡಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಗಂಟಿತ್ತು. ಮಾಸಿದ ಹಳದಿ ಸೀರೆಯ ತುಂಡು, ಅಂಚಿನಲ್ಲಿ ಮಾವಿನಕಾಯಿ ಬುಟ್ಟಾ. ಅಮ್ಮನ ಸೀರೆ ಇರಬೇಕು ಎಂದಳು ಶಶಿರೇಖ, ಫೋಟೋದಲ್ಲಿ ನೋಡಿದ್ದೆ ಎಂದಳು. ಬಿಚ್ಚಿದಳು. ಗೇಣುದ್ದದ ಕಬ್ಬಿಣದ ತುಂಡು. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿತ್ತು. ಅದೂ ಒಣಗಿದ ಹಳೆಯ ಎಣ್ಣೆಯಲ್ಲ, ಬೆರಳಿಗೆ ಅಂಟುವ ಹೊಸ ಎಣ್ಣೆ. ವರ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಅವನು ಅದನ್ನು ಬಿಚ್ಚಿ, ಸವರಿ, ಮತ್ತೆ ಕಟ್ಟುತ್ತಿದ್ದ. ಅಣ್ಣ, ಅದು ಹೊಸದೇ ತಾನೆ ಎಂದು ಕೇಳಿದಾಗ ಈ ತುಂಡು ಅವನ ಕೈಗೆ ಸಿಕ್ಕಿತ್ತೋ, ಇಲ್ಲ ಹೊಸದೇ ಕಣ್ಲಾ ಎಂದ ಮೇಲೆ ಹೋಗಿ ಹುಡುಕಿದನೋ? ಸಿಕ್ಕಿದ್ದರೆ, ಗೊತ್ತಿದ್ದೂ ಕೇಳಿದ್ದರೆ, ಕೇಳಿದ್ದು ಯಾಕೆ? ಆಮೇಲೆ ನಲವತ್ತೆರಡು ವರ್ಷ ಹಬ್ಬಕ್ಕೆ ಬಂದು ಕಾಲು ಮುಟ್ಟುತ್ತಿದ್ದ, ಅಣ್ಣ ಚೆನ್ನಾಗಿದೀಯಾ ಎನ್ನುತ್ತಿದ್ದ.

ಶಶಿರೇಖ ತುಂಡನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. 'ಇದು ಯಾರ್ದು ದೊಡ್ಡಪ್ಪ? ಇದರಲ್ಲಿ ಚುಕ್ಕೀನೇ ಇಲ್ವಲ್ಲ.'

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಚುಕ್ಕಿಯಿಲ್ಲದ್ದು ಯಾರದೂ ಅಲ್ಲ, ಸತ್ತವನಿಗೇ ಸೇರಿದ್ದು ಎಂಬುದೂ ಪದ್ಧತಿಯೇ. ಒಳಗೆ ಹೆಂಗಸರು ಹಾಲು ಕಾಯಿಸುತ್ತಿದ್ದ ವಾಸನೆ ಬಂತು. ಅದನ್ನು ಚಲಪತಿಗೆ ಸೇರಿದ್ದು ಎಂದರೆ ಅವನು ಅದನ್ನೂ ಹೊತ್ತುಕೊಂಡೇ ಹೋಗಬೇಕು. ಬದುಕಿದ್ದಷ್ಟು ದಿನ ಹೊತ್ತದ್ದು ಸಾಲದೆ, ಅಲ್ಲಿಗೂ.

'ನನ್ದು,' ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ತುಂಡನ್ನು ಇಸಿದುಕೊಂಡು ಮುರಿದ ಮುಖವನ್ನು ಬೆಳಕಿಗೆ ಹಿಡಿದ. ನೋಡಮ್ಮ ಎಂದು ಬೆರಳಿಟ್ಟು ತೋರಿಸಿದ. ಒಂದೇ ಏಟಿಗೆ ಮುರಿದ ಕಬ್ಬಿಣದ ಮುಖವೆಲ್ಲ ಒಂದೇ ಬಣ್ಣ, ಸಕ್ಕರೆಯ ಹಾಗೆ ಹೊಳೆಯುತ್ತದೆ. ಇದರಲ್ಲಿ ಮುಕ್ಕಾಲು ಕಪ್ಪು. ಕಪ್ಪಾಗಿರುವಷ್ಟು ಭಾಗ ಬೀಳುವ ಮುಂಚೆಯೇ ಬಿಟ್ಟಿತ್ತು, ಹೊಳೆಯುವ ಈ ಚೂರು ಮಾತ್ರ ಅವತ್ತು ಹಿಡಿದುಕೊಂಡಿತ್ತು. ಅಂಚಿನಲ್ಲಿರುವುದು ಬೆಸುಗೆ. ಬೆಸೆದವನು ನಾನು. ಹೊಸದು ಎಂದು ಹೇಳಿ ಕಳಿಸಿದವನೂ ನಾನು. ನಿಮ್ಮಪ್ಪ ಜೋರು ಓಡಿಸಲಿಲ್ಲ. ಮೆಲ್ಲಗೆ ಓಡಿಸಿದ್ದರೂ ಆ ತಿರುವಿನಲ್ಲಿ ಬೀಳಬೇಕಿತ್ತು. ಹೇಳುತ್ತ ಹೇಳುತ್ತ ತಾನು ಹುಡುಗರಿಗೆ ಪಾಠ ಹೇಳುವ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಬೇರೆ ದನಿ ಬರಲಿಲ್ಲ. ಮೇಷ್ಟ್ರ ಕಡೆ ತಿರುಗಿ, 'ಹಿಂದಿನದು ಇದರದಲ್ಲ. ಆಮೇಲೆ ಹಾಕಿದ್ದು. ಬರ್ಕೊಳ್ಳಿ,' ಎಂದ. ಮೇಷ್ಟ್ರು ಪುಸ್ತಕ ತೆರೆಯದೆ ಎದ್ದು ಬೇಲಿಯ ಆಚೆ ಹೋಗಿ ನಿಂತರು.

ಶಶಿರೇಖ ಸೀರೆಯ ತುಂಡನ್ನು ಮೊಣಕಾಲ ಮೇಲೆ ಹಾಸಿ ಸುಕ್ಕು ತೀಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡ, ಬಯ್ಯುತ್ತಾಳೆ ಎಂದುಕೊಂಡ. ಬಯ್ದರೆ ಸಾಕಿತ್ತು.

'ಇಪ್ಪತ್ತು ವರ್ಷ ನಾನು ಅಪ್ಪಂಗೆ ತಟ್ಟೆ ಇಟ್ಟು ಒಳಕ್ಕೆ ಓಗ್ಬಿಡ್ತಿದ್ದೆ,' ಎಂದಳು. 'ಒಂದಿನ ಕೂತು ಬಡಿಸ್ಲಿಲ್ಲ. ಸಾರು ಬೇಕಾ ಅಂತ ಕೇಳ್ಲಿಲ್ಲ. ಬೇಕಾದ್ರೆ ತಾನೇ ಎದ್ದು ಬಂದು ಆಕ್ಕೋತಿತ್ತು. ನೀವು ಬಂದಾಗ ಮಾತ್ರ ಕೂತು ಬಡಿಸ್ತಿದ್ದೆ ದೊಡ್ಡಪ್ಪ. ನಿಮಗೆ.'

ಬಡಿಸಿದ ಅನ್ನ, ಮೇಲೆ ಹಾಕಿದ ತುಪ್ಪ, ಇನ್ನೊಂದು ಮುದ್ದೆ ಹಾಕ್ಲಾ ದೊಡ್ಡಪ್ಪ ಎಂಬ ಮಾತು, ಎದುರಿಗೆ ಕೂತು ತನ್ನ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದ ಚಲಪತಿಯ ತಲೆ, ಎಲ್ಲ ಒಟ್ಟಿಗೆ ಅವನ ಕಣ್ಣೆದುರಿಗೆ ಬಂದವು. ಶಶಿರೇಖ ಎದ್ದಳು. ಅವನು ಚಾಪೆಯ ಮೇಲಿಟ್ಟಿದ್ದ ಕಬ್ಬಿಣದ ತುಂಡನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದು, ಬೇರೆಯವರ ಸಾಮಾನನ್ನು ಒಪ್ಪಿಸುವ ಕ್ರಮದಲ್ಲಿಯೇ, ಸ್ವಲ್ಪ ಬಗ್ಗಿ ಅವನ ಮುಂದೆ ನೀಡಿದಳು. ಸೀರೆಯನ್ನು ತಾನೇ ಇಟ್ಟುಕೊಂಡಳು. ಅವನು ತೆಗೆದುಕೊಂಡ.

'ಹಾಲು ನೀವು ಬಿಡ್ಬ್ಯಾಡಿ ದೊಡ್ಡಪ್ಪ,' ಎಂದಳು. 'ಇವತ್ತು ಬ್ಯಾಡ.' ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಮೂರು ದಿನದಿಂದ ಬಾರದಿದ್ದ ಅಳು. ಅಪ್ಪಾ, ಅಪ್ಪಾ ಎಂದು ನಾಲ್ಕು ವರ್ಷದ ಮಗುವಿನ ಹಾಗೆ ಅಳುತ್ತಿದ್ದಳು.

ಸ್ಮಶಾನದಲ್ಲಿ ಒಬ್ಬೊಬ್ಬರೇ ಬಂದು ಹಸಿ ಮಣ್ಣಿನ ಮೇಲೆ ಹಾಲು ಬಿಟ್ಟರು, ತುಪ್ಪ ಬಿಟ್ಟರು. ಪಕ್ಕದಲ್ಲೇ ಮೀನಾಳ ಹಳೆಯ ಗುಡ್ಡೆ ನೆಲಕ್ಕೆ ಸಮವಾಗಿತ್ತು, ಒಂದು ಕಲ್ಲು ಮಾತ್ರ ಇತ್ತು. ಮುನಿಸ್ವಾಮಪ್ಪ ಹತ್ತು ಮಾರು ದೂರದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದ. ಹಿರಿಯರು ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದರು. ಶಶಿರೇಖ ಏನು ಹೇಳಿದಳೋ ಕೇಳಿಸಲಿಲ್ಲ. ಕಬ್ಬಿಣದ ತುಂಡು ಚೀಲದಲ್ಲಿ ಕೈಯನ್ನು ಕೆಳಕ್ಕೆ ಎಳೆಯುತ್ತಿತ್ತು, ಮುರಿದ ಮುಖ ಬಟ್ಟೆಯ ಮೂಲಕ ತೊಡೆಗೆ ಒತ್ತುತ್ತಿತ್ತು. ಅವನು ಚೀಲ ಕೆಳಗಿಡಲಿಲ್ಲ. ಎಡಗೈಯಲ್ಲಿ ಅದನ್ನು ಹಿಡಿದೇ ಬಲಗೈಯನ್ನು ಎದೆಗಿಟ್ಟುಕೊಂಡು, ಮೂರು ದಿನದಿಂದ ಬಾಯಿಗೆ ಬಾರದಿದ್ದ ದೇವರ ಹೆಸರನ್ನು ತೆಗೆದ. ಸ್ವಾಮಿ ವೆಂಕಟರಮಣ, ನನಗಾಗಿ ಏನೂ ಕೇಳುವುದಿಲ್ಲ. ಕ್ಷಮಿಸಬೇಕಾದವರಿಬ್ಬರೂ ಈ ಮಣ್ಣಿನಲ್ಲಿದ್ದಾರೆ. ಚಲಪತಿಯ ಪೆಟ್ಟಿಗೆ ಖಾಲಿಯಾಗಿದೆ ತಂದೆ. ಬೇರೆಯವರ ಕಬ್ಬಿಣ ಅದರಲ್ಲಿ ಒಂದೂ ಉಳಿದಿಲ್ಲ, ನಾನೇ ನೋಡಿದ್ದೇನೆ, ನನ್ನದು ನನ್ನ ಕೈಯಲ್ಲಿದೆ. ಅವನ ಕಾಲು ಮಣ್ಣಿನಿಂದ ಹಗುರವಾಗಿ ಏಳಲಿ. ಹೋಗುವ ದಾರಿಯಲ್ಲಿ ಅವನ ಹೆಂಡತಿ ಅವನ ಪಕ್ಕದಲ್ಲಿ ಕೂತಿರಲಿ, ಇಳಿಜಾರು ಬಂದರೂ ಅವಳು ಹೆದರದಿರಲಿ. ಅಲ್ಲಿ ಯಾರಾದರೂ ಅವನಿಗೆ ಎದುರಿಗೆ ಕೂತು ಬಡಿಸಲಿ. ನನ್ನ ತಮ್ಮನಿಗೆ ಶಾಂತಿ ಕೊಡು ಸ್ವಾಮಿ, ಅವನ ಆತ್ಮಕ್ಕೆ ಶಾಂತಿ ಕೊಡು.